ಅರವಟ್ಟಿಗೆ ಇಡಬೇಕೆಂದಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲು ಏರುತ್ತಿದ್ದ ಹಾಗೆ ರಸ್ತೆ ಬದಿಯಲ್ಲಿ ಮಡಕೆ ಇಟ್ಟು ನೀರು ಕೊಡೋಣ ಅಂತ ಹೊರಡುವವರು ಕೇಳುವ ಪ್ರಶ್ನೆಗಳು ಬೀದರಿನಲ್ಲಾದರೂ ಚಾಮರಾಜನಗರದಲ್ಲಾದರೂ ಹೆಚ್ಚುಕಡಿಮೆ ಅವೇ. ಉತ್ತರಗಳನ್ನು ಒಂದೇ ಕಡೆ ಇಟ್ಟಿದ್ದೇವೆ. ಮೊದಲ ಸಲ ಇಡುವವರು ಮಡಕೆ, ನೀರು, ಲೋಟ ಈ ಮೂರರ ಉತ್ತರಗಳನ್ನು ಬಿಡದೆ ಓದಿ.

ಅರವಟ್ಟಿಗೆ ಅಂದರೆ ಇಷ್ಟೇನಾ, ಒಂದು ಮಡಕೆ ನೀರು?

ಇಷ್ಟೇ. ಹಳಗನ್ನಡದಲ್ಲಿ ‘ಅಱ’ ಅಂದರೆ ಧರ್ಮ. ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಜಾಗ ಅಱವಟ್ಟಿಗೆ. ಉತ್ತರ ಕರ್ನಾಟಕದಲ್ಲಿ ಅದೇ ಅರವಟಿಗಿ. ಮಡಕೆ ಇಡುವುದು ಅರ್ಧ ದಿನದ ಕೆಲಸ. ಹದಿನೈದನೆಯ ದಿನ ಬೆಳಿಗ್ಗೆ 11 ಗಂಟೆಗೆ ಅದರಲ್ಲಿ ನೀರಿದೆಯಾ ಅನ್ನುವುದೇ ಅರವಟ್ಟಿಗೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಹದಿನೈದನೆಯ ದಿನದ ಬಗ್ಗೆಯೇ.

ಯಾವಾಗ ಶುರು ಮಾಡಬೇಕು? ಎಲ್ಲಿಯವರೆಗೆ?

ಶಿವರಾತ್ರಿಗೂ ಯುಗಾದಿಗೂ ನಡುವೆ ಶುರು ಮಾಡಿ, ಮುಂಗಾರು ಹಿಡಿಯುವ ತನಕ ನಡೆಸುವುದು ವಾಡಿಕೆ. ರಾಮನವಮಿಗೆ ಪಾನಕ, ಅಂಬೇಡ್ಕರ್ ಜಯಂತಿ, ಬಸವ ಜಯಂತಿಗೆ ಮಜ್ಜಿಗೆ, ಮೊಹರಂನಲ್ಲಿ ಶರಬತ್ತು ಕೊಡುವ ಬಳಗಗಳು ಊರೂರಲ್ಲಿ ಇವೆ. ಅವೆಲ್ಲ ಒಂದು ದಿನದ ಸಡಗರ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ನಲವತ್ತೈದು ದಿನ ನೀರಿನ ನಿಜವಾದ ಅಗತ್ಯ ಇರುತ್ತದೆ. ಕೈಯಲ್ಲಿ ಶಕ್ತಿ ಕಡಿಮೆ ಇದ್ದರೆ ಮಾರ್ಚಿನಲ್ಲಿ ಸುಮ್ಮನಿದ್ದು ಈ ನಲವತ್ತೈದು ದಿನ ಬಿಡದೆ ಮಾಡಿ.

ಎಲ್ಲಿ ಇಟ್ಟರೆ ಒಳ್ಳೆಯದು?

ಜನ ಕಾಯುವ ಕಡೆ. ಓಡಾಡುವ ಕಡೆ ಇಟ್ಟರೆ ನೋಡಿಕೊಂಡು ಮುಂದೆ ಹೋಗುತ್ತಾರೆ, ಕಾಯುವ ಕಡೆ ಕುಡಿಯುತ್ತಾರೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲು, ಬಸ್ ನಿಲ್ದಾಣದ ಹಳ್ಳಿ ಬಸ್ಸುಗಳು ನಿಲ್ಲುವ ತುದಿ, ಆಟೋ ಸ್ಟ್ಯಾಂಡ್, ಸಂತೆ ಮಾಳ, ಕೂಲಿಯವರು ಬೆಳಿಗ್ಗೆ ಸೇರುವ ವೃತ್ತ, ನ್ಯಾಯಬೆಲೆ ಅಂಗಡಿಯ ಸರದಿ ಇಂಥ ಜಾಗಗಳು. ಹೂ, ತರಕಾರಿ ಮಾರುವ ಹೆಂಗಸರು ಗಾಡಿ ಬಿಟ್ಟು ಏಳಲಾರರು. ಅವರಿರುವ ಕಡೆಗೇ ದಿನಕ್ಕೆ ಎರಡು ಸಲ ಜಗ್‌ನಲ್ಲಿ ಒಯ್ದು ಕೊಡಬೇಕಾಗುತ್ತದೆ.

ಕಚೇರಿಯ ಸಮಯವನ್ನೂ ನೋಡಿಕೊಳ್ಳಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ತಹಶೀಲ್ದಾರ್ ಕಚೇರಿ ಮುಂದೆ ನೀವು 11ಕ್ಕೆ ನೀರು ತುಂಬಿದರೆ ಅರ್ಧ ಜನ ಆಗಲೇ ಹೋಗಿರುತ್ತಾರೆ.

ನೆರಳಿಲ್ಲದಿದ್ದರೆ ಚಪ್ಪರ ಹಾಕಿ. 6 ಅಡಿಗೆ 8 ಅಡಿ ಸಾಕು, ಮೇಲೆ ತೆಂಗಿನ ಗರಿ ಅಥವಾ ಅಡಿಕೆ ಸೋಗೆ. ತಗಡು ಬೇಡ, ಮಧ್ಯಾಹ್ನ ಅದೇ ಕಾವಲಿಯಾಗುತ್ತದೆ. ಎರಡು ಗಂಟೆಯ ಮೇಲೆ ಬಿಸಿಲು ಓರೆಯಾಗಿ ಒಳಗೆ ನುಗ್ಗುವುದರಿಂದ ಪಡುವಣ ಬದಿಗೆ ಒಂದು ತಟ್ಟಿ ಕಟ್ಟಿ. ಮೂಡಣ ಬದಿ ಗಾಳಿಗೆ ತೆರೆದಿರಲಿ.

ಯಾರನ್ನಾದರೂ ಕೇಳಬೇಕಾ?

ರಸ್ತೆ, ಫುಟ್‌ಪಾತ್ ಆದರೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆ. ಬಸ್ ನಿಲ್ದಾಣವಾದರೆ ಅಲ್ಲಿನ ನಿಯಂತ್ರಣಾಧಿಕಾರಿ. ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿ. ಒಂದು ಹಾಳೆಯ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಂಗಡಿಯ ಮುಂದಾದರೆ ಅಂಗಡಿಯವರ ಬಾಯಿಮಾತಿನ ಒಪ್ಪಿಗೆ ಬೇರೆ ಎಲ್ಲ ಪರವಾನಗಿಗಿಂತ ದೊಡ್ಡದು. ದಿನವಿಡೀ ಮಡಕೆ ಕಾಯುವವರು ಅವರೇ.

ಬರೀ ನೀರಲ್ಲದೆ ದಿನಾಲೂ ಮಜ್ಜಿಗೆ, ಪಾನಕ ಹಂಚುವುದಾದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಒಮ್ಮೆ ಕಂಡು ಬನ್ನಿ. 2006ರ ಆಹಾರ ಸುರಕ್ಷತಾ ಕಾಯ್ದೆ ಲಾಭವಿಲ್ಲದೆ ನಡೆಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ದಿನಕ್ಕೆ ಎಷ್ಟು ನೀರು ಬೇಕು?

ಬಾಯಾರಿ ಬಂದವರು ಎರಡು ಲೋಟ, ಅಂದರೆ ಸುಮಾರು 400 ಮಿಲಿ ಕುಡಿಯುತ್ತಾರೆ. 20 ಲೀಟರಿನ ಒಂದು ಕ್ಯಾನ್ 50 ಜನಕ್ಕೆ. ಸಣ್ಣ ಊರಿನ ಬಸ್ ನಿಲ್ದಾಣದಲ್ಲಿ 200 ಜನ ಬರುತ್ತಾರೆ ಅಂದುಕೊಂಡರೆ 80 ಲೀಟರ್, ಅಂದರೆ 4 ಕ್ಯಾನ್. ಬಾಟಲಿ ತುಂಬಿಸಿಕೊಳ್ಳುವವರಿಗೆ ಇನ್ನೊಂದೆರಡು ಸೇರಿಸಿ. ಇಲ್ಲಿ ಎಲ್ಲರೂ ತಪ್ಪುತ್ತಾರೆ: ಲೆಕ್ಕ ಲೋಟದ್ದು ಹಾಕಿರುತ್ತಾರೆ, ಒಬ್ಬ ಆಟೋ ಚಾಲಕ ಎರಡು ಲೀಟರಿನ ಬಾಟಲಿ ಹಿಡಿದು ಬಂದಾಗ ಮುಖ ಸಿಂಡರಿಸುತ್ತಾರೆ. ಅವನು ದಿನವಿಡೀ ಬಿಸಿಲಲ್ಲಿರುವವನು, ತುಂಬಿಸಿಕೊಳ್ಳಲಿ. ಲೋಟ ತೊಳೆಯಲು 15–20 ಲೀಟರ್ ಬೇರೆಯೇ ಬೇಕು. ಅದಕ್ಕೆ ನಲ್ಲಿ ನೀರು ಸಾಕು.

ಮಡಕೆ ಹೇಗೆ ಆರಿಸಬೇಕು, ಹೇಗೆ ಪಳಗಿಸಬೇಕು?

ಬಣ್ಣ, ವಾರ್ನಿಷ್ ಬಳಿದ ಮಡಕೆ ಅಂದಕ್ಕೆ ಮಾತ್ರ. ಮಡಕೆ ತಣ್ಣಗಾಗುವುದು ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಆರಿ, ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುವುದರಿಂದ. ಬಣ್ಣ ಬಳಿದರೆ ರಂಧ್ರ ಮುಚ್ಚಿತು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಬದ್ ಅಂದರೆ ಎಲ್ಲೋ ಬಿರುಕಿದೆ.

ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ. ತೆಗೆದು ತೆಂಗಿನ ನಾರಿನಿಂದ ಒಳಗೆಲ್ಲ ಉಜ್ಜಿ ತೊಳೆದು, ನೀರು ತುಂಬಿ ರಾತ್ರಿ ಬಿಟ್ಟು, ಆ ನೀರನ್ನು ಗಿಡಕ್ಕೆ ಚೆಲ್ಲಿ. ಇನ್ನೂ ಮಣ್ಣಿನ ರುಚಿ ಇದ್ದರೆ ಇನ್ನೊಂದು ದಿನ ಹೀಗೇ ಮಾಡಿ. ಸೋಪು, ಪಾತ್ರೆ ತೊಳೆಯುವ ದ್ರವ ಎಂದಿಗೂ ಬೇಡ. ರಂಧ್ರಗಳು ಅದನ್ನು ಕುಡಿದುಬಿಟ್ಟು ವಾರಗಟ್ಟಲೆ ವಾಸನೆ ಕೊಡುತ್ತವೆ. ಕಲ್ಲುಪ್ಪು, ನಾರು ಸಾಕು.

ನಲ್ಲಿ ಕೂರಿಸಿದ ಮಡಕೆಯನ್ನೇ ಕೊಳ್ಳಿ. ನಲ್ಲಿ ತಳದಿಂದ ಎರಡು ಅಂಗುಲ ಮೇಲಿರಬೇಕು, ಕೆಳಗೆ ಕೂತ ಗಸಿ ಲೋಟಕ್ಕೆ ಬರಬಾರದು. ನಲ್ಲಿ ಸೋರಿದರೆ ಒಳಗೊಂದು ಹೊರಗೊಂದು ರಬ್ಬರ್ ವಾಷರ್ ಹಾಕಿ ಕೈಯಿಂದಲೇ ಬಿಗಿ ಮಾಡಿ. ಸ್ಪ್ಯಾನರ್ ಹಿಡಿದರೆ ಮಡಕೆ ಸೀಳುತ್ತದೆ. ನಲ್ಲಿ ಇಲ್ಲದ ಹರವಿ, ಗುಡಾಣ ಇದ್ದರೆ ಉದ್ದ ಹಿಡಿಯ ಸೌಟು ಒಂದನ್ನು ಮುಚ್ಚಳದ ಪಕ್ಕ ಕೊಕ್ಕೆಗೆ ನೇತುಹಾಕಿ. ಕುಡಿಯುವವರು ಲೋಟ ಅದ್ದದಂತೆ ಬಡಿಸುವವರೊಬ್ಬರು ಇರಲೇಬೇಕು. ನಾಲ್ಕು ಕೈ ಅದ್ದಿದ ಮೇಲೆ ಆ ನೀರು ಎಷ್ಟು ಶುದ್ಧವಾಗಿದ್ದರೂ ಕೆಟ್ಟಿತು.

ಮಡಕೆ ಇಟ್ಟಿದ್ದೇವೆ, ನೀರು ತಣ್ಣಗಾಗುತ್ತಿಲ್ಲ. ಯಾಕೆ?

ಸಾಮಾನ್ಯವಾಗಿ ಗಾಳಿ ಆಡುವುದಿಲ್ಲ. ಗೋಡೆ ಮೂಲೆಯಿಂದ ಈಚೆಗೆ ತನ್ನಿ, ಒದ್ದೆ ಮರಳಿನ ಮೇಲೆ ಕೂರಿಸಿ, ಸುತ್ತ ಗೋಣಿಚೀಲ ಸುತ್ತಿ ಬೆಳಿಗ್ಗೆ ಮಧ್ಯಾಹ್ನ ನೀರು ಚಿಮುಕಿಸಿ. ತುಂಬಿದ ತಕ್ಷಣವೂ ತಣ್ಣಗಾಗುವುದಿಲ್ಲ, ಮೂರು ನಾಲ್ಕು ಗಂಟೆ ಬೇಕು. ಅದಕ್ಕೇ ಎರಡು ಮಡಕೆ ಇಟ್ಟು ಒಂದು ಖಾಲಿಯಾಗುವಾಗ ಇನ್ನೊಂದು ತಣಿಯುವಂತೆ ನೋಡಿಕೊಳ್ಳುವುದು. ಹೋದ ವರ್ಷದ ಮಡಕೆಯ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಗಡಸು ನೀರಿನ ಸುಣ್ಣ ರಂಧ್ರ ಮುಚ್ಚಿದೆ ಅಂತ ಅರ್ಥ. ಹುಣಸೆ ರಸದಲ್ಲಿ ಉಜ್ಜಿದರೆ ಸ್ವಲ್ಪ ಬಿಡುತ್ತದೆ, ಪೂರ್ತಿ ಅಲ್ಲ.

ಮಂಗಳೂರು, ಉಡುಪಿ, ಕಾರವಾರದವರು ಮಡಕೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಗಾಳಿಯಲ್ಲೇ ತೇವ ತುಂಬಿರುವಾಗ ಮಡಕೆ ಬೆವರುತ್ತದೆ, ಆರುವುದಿಲ್ಲ. ಅಲ್ಲಿ ಕುದಿಸಿ ಆರಿಸಿದ ನೀರನ್ನು ಥರ್ಮೋಸಿನಂತಹ ದಪ್ಪ ಜಗ್‌ಗಳಲ್ಲಿ ಇಡುವುದು ಮೇಲು. ಜೊತೆಗೊಂದು ಡಬ್ಬಿಯಲ್ಲಿ ಬೆಲ್ಲದ ಚೂರು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಕರಾವಳಿ, ಮಲೆನಾಡಿನ ರೂಢಿ ರಸ್ತೆ ಬದಿಗೂ ಚೆನ್ನಾಗಿ ಹೊಂದುತ್ತದೆ. ಇರುವೆ ಹತ್ತದಂತೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟರಾಯಿತು.

ಯಾವ ನೀರು ತುಂಬಬಹುದು? ಬೋರ್‌ವೆಲ್ ನೀರು ಆಗುತ್ತದಾ?

‘ನಾವು ಇದನ್ನೇ ಕುಡಿಯುತ್ತೇವೆ’ ಅನ್ನುವುದು ಉತ್ತರವಲ್ಲ. ನಿಮ್ಮ ಹೊಟ್ಟೆಗೆ ಒಗ್ಗಿರುವುದು ಬಸ್ಸಿಳಿದು ಬಂದ ಮಗುವಿಗೆ ಒಗ್ಗಬೇಕೆಂದಿಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದರೆ ಅಲ್ಲಿಂದಲೇ ತನ್ನಿ. ಕ್ಯಾನಿನ ಕುತ್ತಿಗೆ, ಮುಚ್ಚಳದ ಒಳಮೈಯನ್ನು ಬ್ರಷ್ ಹಾಕಿ ಉಜ್ಜಿ. ಬಹಳ ಸಲ ನೀರು ಶುದ್ಧ, ಕ್ಯಾನು ಕೊಳಕು. ಬಿಸಿಲಿಗೆ ಇಟ್ಟ ಕ್ಯಾನಿನಲ್ಲಿ ನಾಲ್ಕೇ ದಿನದಲ್ಲಿ ಹಸಿರು ಪಾಚಿ ಕಾಣುತ್ತದೆ.

ನಲ್ಲಿ ಅಥವಾ ಬಾವಿ ನೀರಾದರೆ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ. ಆರೋಗ್ಯ ಇಲಾಖೆಯವರು ಹಂಚುವ ಮಾತ್ರೆ ಸಾಮಾನ್ಯವಾಗಿ 20 ಲೀಟರಿಗೆ ಒಂದು. ಪಟ್ಟಿಯ ಮೇಲೆ ಬರೆದಿರುವುದನ್ನು ಓದಿಕೊಂಡು ಹಾಕಿ. ಅಳತೆ ಗೊತ್ತಿರುವ ಕ್ಯಾನಿನಲ್ಲೇ ಪುಡಿ ಮಾಡಿ ಹಾಕಿ, ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ಆಮೇಲೆ ಮಡಕೆಗೆ ಸುರಿಯಿರಿ. ಸೋಸದೆ ಹಾಕಿದರೆ ಕ್ಲೋರಿನ್ನೆಲ್ಲ ಕೆಸರಿನ ಜೊತೆ ಸೆಣಸಿ ಮುಗಿದುಹೋಗುತ್ತದೆ, ರೋಗಾಣು ಹಾಗೇ ಉಳಿಯುತ್ತವೆ. ಕುದಿಸುವುದಾದರೆ ಗುಳ್ಳೆ ಕೊತಕೊತ ಏಳುವ ಕುದಿ ಒಂದು ನಿಮಿಷ ಇರಲಿ.

ಬೋರ್‌ವೆಲ್ ವಿಷಯವೇ ಬೇರೆ. ಪಾವಗಡ, ಬಾಗೇಪಲ್ಲಿ ಕಡೆ, ಕೋಲಾರ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಾಗ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮಡಕೆ, ಬಟ್ಟೆ, ಕ್ಲೋರಿನ್ ಯಾವುದೂ ಅದನ್ನು ತೆಗೆಯುವುದಿಲ್ಲ. ಪಂಚಾಯಿತಿಯಲ್ಲಿ ಆ ಬಾವಿಯ ನೀರಿನ ಪರೀಕ್ಷಾ ವರದಿ ಕೇಳಿ. ಇಲ್ಲದಿದ್ದರೆ ಆ ನೀರು ಬೇಡ.

ಐಸ್ ಹಾಕಬಹುದಾ?

ಬೇಡ. ಮೀನು, ಹಣ್ಣು ಸಾಗಿಸಲು ಮಾಡುವ ಐಸ್ ಗಡ್ಡೆ ಕುಡಿಯುವ ನೀರಿನಿಂದ ಆಗಿರುವುದಿಲ್ಲ. ಹಾಕಲೇಬೇಕೆಂದರೆ ಟಬ್ಬಿನಲ್ಲಿ ಐಸ್ ಇಟ್ಟು ಅದರ ನಡುವೆ ಮುಚ್ಚಿದ ಕ್ಯಾನ್ ಕೂರಿಸಿ.

ಲೋಟ ಯಾವುದು? ಬಿಸಾಡುವ ಲೋಟ ಸುಲಭವಲ್ಲವಾ?

ಪ್ಲಾಸ್ಟಿಕ್ ಲೋಟಕ್ಕೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ, 2022ರ ಜುಲೈ 1ರಿಂದ ದೇಶಕ್ಕೆಲ್ಲ. ಪೇಪರ್ ಲೋಟದ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ದಿನಕ್ಕೆ 200 ಲೋಟ, ನಲವತ್ತೈದು ದಿನಕ್ಕೆ 9,000. ಅದನ್ನು ಬಾಚುವ ಪೌರಕಾರ್ಮಿಕರಿಗೆ ನಿಮ್ಮ ಪುಣ್ಯದ ಪಾಲು ಹಾಗೆ ಸಿಗುವುದು ಬೇಡ.

ಸ್ಟೀಲ್ ಲೋಟ 10–12 ಸಾಕು. ತೊಳೆಯಲು ಎರಡು ಬಕೆಟ್: ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಚೊಕ್ಕ ನೀರು. ಎರಡನೆಯದನ್ನು ಗಂಟೆಗೊಮ್ಮೆ ಬದಲಿಸಿ. ತೊಳೆದದ್ದನ್ನು ಬಟ್ಟೆಯಲ್ಲಿ ಒರೆಸಬೇಡಿ, ಆ ಬಟ್ಟೆಯೇ ಎಲ್ಲ ಲೋಟಕ್ಕೂ ಕೊಳೆ ಹಂಚುತ್ತದೆ. ತಂತಿ ಬುಟ್ಟಿಯಲ್ಲಿ ಬೋರಲು ಹಾಕಿ, ಆ ಗಾಳಿಗೆ ಐದೇ ನಿಮಿಷದಲ್ಲಿ ಒಣಗುತ್ತದೆ. ಎತ್ತಿ ಕುಡಿಯುವ ಅಭ್ಯಾಸ ಇರುವ ಊರಲ್ಲಿ ಗಿಂಡಿ, ಚೊಂಬು ಇಟ್ಟರೆ ಇನ್ನೂ ಸರಾಗ.

ಲೋಟ ಕಳೆಯುತ್ತವೆ. ಸರಪಣಿ ಕಟ್ಟಿದರೆ ಉಳಿಯುತ್ತವೆ, ಆದರೆ ತೊಳೆಯಲು ಆಗುವುದಿಲ್ಲ. ತಿಂಗಳಿಗೆ ನಾಲ್ಕು ಲೋಟ ಹೋದರೆ ಹೋಗಲಿ ಅಂದುಕೊಳ್ಳುವುದು ವಾಸಿ.

ನಮ್ಮೂರಲ್ಲಿ ಕೆಲವರು ‘ಬೇರೆ ಲೋಟ ಇಡಿ’ ಅನ್ನುತ್ತಿದ್ದಾರೆ. ಏನು ಮಾಡಬೇಕು?

ಇಡಬಾರದು. ಜಾತಿ ನೋಡಿ ಲೋಟ ಬೇರೆ ಮಾಡುವುದು, ಕೆಲವರಿಗೆ ಮಾತ್ರ ಮೇಲಿನಿಂದ ಬೊಗಸೆಗೆ ಸುರಿಯುವುದು ಅಸ್ಪೃಶ್ಯತೆಯ ಆಚರಣೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಮಡಕೆಗೆ ನಲ್ಲಿ ಹಾಕಿ ಅವರವರೇ ಹಿಡಿದುಕೊಳ್ಳುವಂತೆ ಮಾಡಿದರೆ ಬಡಿಸುವವರ ಕೈಗೆ ಈ ಆಯ್ಕೆಯೇ ಸಿಗುವುದಿಲ್ಲ. ತುಂಬುವ ಸರದಿಯಲ್ಲಿ ಎಲ್ಲ ಕೇರಿಯ ಮನೆಗಳೂ ಇರಲಿ. ಅದಕ್ಕೆ ಒಪ್ಪದವರ ದುಡ್ಡು ತೆಗೆದುಕೊಳ್ಳಬೇಡಿ.

100 ಜನಕ್ಕೆ ಮಜ್ಜಿಗೆ ಮಾಡುವ ಅಳತೆ ಹೇಳಿ.

ತಲೆಗೆ 200 ಮಿಲಿಯಂತೆ 20 ಲೀಟರ್. 4 ಲೀಟರ್ ಗಟ್ಟಿ ಮೊಸರು ಕಡೆದು 16 ಲೀಟರ್ ಕುಡಿಯುವ ನೀರು ಸೇರಿಸಿ. ಉಪ್ಪು 80 ಗ್ರಾಂ, ಮೊದಲು 60 ಹಾಕಿ ರುಚಿ ನೋಡಿ. ಶುಂಠಿ 100 ಗ್ರಾಂ, ಹಸಿಮೆಣಸಿನಕಾಯಿ 12, ಒಂದು ಕಟ್ಟು ಕೊತ್ತಂಬರಿ, ಎರಡು ಹಿಡಿ ಕರಿಬೇವು ಒಟ್ಟಿಗೆ ಅರೆದು, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಹಿಂಡಿ ರಸ ಮಾತ್ರ ಹಾಕಿ. ಹೆಚ್ಚಿದ ಚೂರು ಮಕ್ಕಳ ಗಂಟಲಿಗೆ ಸಿಕ್ಕುತ್ತದೆ, ನಲ್ಲಿಯನ್ನೂ ಕಟ್ಟುತ್ತದೆ. ಕೊನೆಗೆ ಒಂದು ಚಮಚ ಇಂಗು. ಒಗ್ಗರಣೆಯ ಎಣ್ಣೆ ಲೋಟಕ್ಕೆಲ್ಲ ಜಿಡ್ಡು ಹತ್ತಿಸುವುದರಿಂದ ಬೀದಿಯ ಮಜ್ಜಿಗೆಗೆ ಒಗ್ಗರಣೆ ಬಿಡುವುದೇ ಜಾಣತನ.

ಒಂದೇ ಸಲ ಮಾಡಬೇಡಿ. ಏಪ್ರಿಲ್ ಬಿಸಿಲಿಗೆ ಎರಡು ಮೂರು ಗಂಟೆಯಲ್ಲಿ ಹುಳಿ ಏರುತ್ತದೆ. ಹತ್ತೂವರೆಗೆ ಹತ್ತು ಲೀಟರ್, ಒಂದೂವರೆಗೆ ಹತ್ತು ಲೀಟರ್. ಉಳಿದದ್ದನ್ನು ಮಧ್ಯಾಹ್ನದ ಹೊಸದಕ್ಕೆ ಬೆರೆಸಬೇಡಿ. ಸ್ಟೀಲ್ ಪಾತ್ರೆಯಲ್ಲಿಡಿ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಸೇರಿದರೆ ಕಿಲುಬು ಬಿಡುತ್ತದೆ. ರಕ್ತದೊತ್ತಡ ಇರುವವರಿಗಾಗಿ ಉಪ್ಪಿಲ್ಲದ ಒಂದು ಜಗ್ ಪಕ್ಕಕ್ಕೆ ತೆಗೆದಿಡಿ.

ಪಾನಕಕ್ಕೆ?

ತಲೆಗೆ 150 ಮಿಲಿ, 15 ಲೀಟರ್. ಬೆಲ್ಲ ಒಂದೂವರೆ ಕೆಜಿ, ನಿಂಬೆಹಣ್ಣು 10–12, ಒಣಶುಂಠಿ ಪುಡಿ 25 ಗ್ರಾಂ, ಏಲಕ್ಕಿ 15, ಕಾಳುಮೆಣಸು 10 ಗ್ರಾಂ. ಬೆಲ್ಲ ಕರಗಿಸಿ ಸೋಸಲೇಬೇಕು, ತಳದಲ್ಲಿ ಮರಳು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತದೆ. ನಿಂಬೆ ಹಂಚುವ ಮುಂಚೆ. ಸಕ್ಕರೆ ಕಾಯಿಲೆಯವರು ಕೇಳದೆ ಕುಡಿದುಬಿಡುತ್ತಾರೆ, ಪಕ್ಕದಲ್ಲಿ ಬರೀ ನೀರೂ ಇರಲಿ. ಜೊತೆಗೆ ಕೋಸಂಬರಿ ಕೊಡುವವರು ಉಪ್ಪು ಬೆರೆಸಿದ ಒಂದು ಗಂಟೆಯೊಳಗೆ ಹಂಚಿ ಮುಗಿಸಿ.

ಮೊದಲ ವಾರ ಹತ್ತು ಜನ ಬರುತ್ತಾರೆ, ಆಮೇಲೆ ಯಾರೂ ಇಲ್ಲ. ಹೇಗೆ ನಡೆಸುವುದು?

ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ. ಏಳು ಮನೆ ಹಿಡಿಯಿರಿ, ವಾರಕ್ಕೊಂದು ದಿನ ಒಂದು ಮನೆ. ಸೋಮವಾರ ಅಂದರೆ ಆ ಮನೆಯದೇ. ಊರಿಗೆ ಹೋಗುವುದಿದ್ದರೆ ಅವರೇ ಇನ್ನೊಬ್ಬರೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು. ಮಡಕೆಯ ಪಕ್ಕ ಒಂದು ಕ್ಯಾಲೆಂಡರ್ ನೇತುಹಾಕಿ, ತುಂಬಿದವರು ಗಂಟೆ ಬರೆದು ಸಹಿ ಹಾಕಲಿ. ಖಾಲಿ ಚೌಕ ಕಂಡಾಗ ಯಾರೂ ಗದರಬೇಕಾಗಿಲ್ಲ.

ಕೆಲಸದ ಪಟ್ಟಿ ಗೋಡೆಯ ಮೇಲಿರಲಿ: ಏಳು ಗಂಟೆಗೆ ಮಡಕೆ ತೊಳೆದು ತುಂಬುವುದು, 11ಕ್ಕೂ 2ಕ್ಕೂ ಮತ್ತೆ ತುಂಬುವುದು, ಸಂಜೆ ಆರಕ್ಕೆ ಉಳಿದ ನೀರು ಗಿಡಕ್ಕೆ ಚೆಲ್ಲಿ ಮಡಕೆ ಬೋರಲು ಹಾಕುವುದು. ರಾತ್ರಿ ಕಾವಲಿಲ್ಲದೆ ನಿಂತ ನೀರನ್ನು ಬೆಳಿಗ್ಗೆ ಯಾರಿಗೂ ಕೊಡಬಾರದು. ಏನು ಬಿತ್ತೋ, ಯಾರು ಏನು ಹಾಕಿದರೋ ತಿಳಿಯದು. ವಾರಕ್ಕೊಮ್ಮೆ ಮಡಕೆ ಪೂರ್ತಿ ಒಣಗುವಷ್ಟು ಬಿಸಿಲಿಗಿಡಿ.

ಹುಂಡಿ ಇಡಬೇಡಿ. ಡಬ್ಬಿ ಕಂಡ ತಕ್ಷಣ ಕೈಯಲ್ಲಿ ಕಾಸಿಲ್ಲದವರು ಹಿಂದೆ ಸರಿಯುತ್ತಾರೆ. ಕೊಡಬೇಕೆನ್ನುವವರಿಗೆ ‘ಬುಧವಾರದ ನಾಲ್ಕು ಕ್ಯಾನ್ ನಿಮ್ಮದು’ ಅನ್ನಿ.

ಬ್ಯಾನರ್ ಹಾಕಿಸಬಹುದಾ?

‘ಕುಡಿಯುವ ನೀರು’ ಅಂತ ದೂರದಿಂದ ಕಾಣುವ ಹಲಗೆ ಬೇಕೇ ಬೇಕು, ಬಾಣದ ಗುರುತೂ ಇರಲಿ. ನೀರಿಗಿಂತ ಮುಖಗಳು ದೊಡ್ಡದಾದರೆ ಜನ ಅದನ್ನು ಪಕ್ಷದ ಪೆಂಡಾಲು ಅಂದುಕೊಂಡು ಆಚೆಯಿಂದಲೇ ಹೋಗುತ್ತಾರೆ. ಖಾಲಿ ಮಡಕೆಯ ಮೇಲಿನ ಫೋಟೋಕ್ಕಿಂತ ಮಾನ ಕಳೆಯುವುದು ಇನ್ನೊಂದಿಲ್ಲ.

ಬಿಸಿಲಿಗೆ ತಲೆಸುತ್ತಿ ಕೂತವರು ಬಂದರೆ?

ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ. ಎಚ್ಚರ ಇದ್ದರೆ ಗುಟುಕು ಗುಟುಕಾಗಿ ಒಆರ್‌ಎಸ್ ಕೊಡಿ: ಒಂದು ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣ, ಒಂದು ಲೋಟದ ಅಂದಾಜು ಬೇಡ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತೊದಲುತ್ತಿದ್ದರೆ, ಅಸಂಬದ್ಧ ಮಾತಾಡಿದರೆ, ಎಚ್ಚರ ತಪ್ಪಿದ್ದರೆ ಬಾಯಿಗೆ ಒಂದು ಹನಿಯೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಆಗದು. ಮನೆ ಗೇಟಿನ ಹತ್ತಿರ ಒಂದು ಮಡಕೆ ಇಟ್ಟರೆ ಸಾಲದಾ?

ಸಾಕು. ನಲ್ಲಿ ರಸ್ತೆಗೆ ಮುಖ ಮಾಡಿರಲಿ, ನಲ್ಲಿಯ ಕೆಳಗೆ ಒಂದು ಅಡಿ ಜಾಗ ಬಿಡಿ. ಪಾರ್ಸೆಲ್ ತರುವ ಹುಡುಗರಿಗೆ ಲೋಟಕ್ಕಿಂತ ಬಾಟಲಿ ತುಂಬಿಕೊಳ್ಳಲು ಆಗಬೇಕು, ಅವರ ಹತ್ತಿರ ನಿಲ್ಲಲು ಹೊತ್ತಿರುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು ಹಾಯುವ ಹಾದಿಯಲ್ಲಿ ನಿಮ್ಮ ಮನೆ ಇದ್ದರೆ ಜಗುಲಿಯ ಮೇಲೆ ಕಾಲು ತೊಳೆಯಲು ಒಂದು ಬಕೆಟ್, ಒಂದು ಬಟ್ಟಲು ಕೊಬ್ಬರಿ ಎಣ್ಣೆಯೂ ಇರಲಿ. ಆ ಹಾದಿಯವರಿಗೆ ಇದು ಗೊತ್ತಿರುವುದೇ.

ಹಕ್ಕಿ, ದನಗಳಿಗೆ?

ಹಕ್ಕಿಗೆ ಒಂದೂವರೆ ಅಂಗುಲಕ್ಕಿಂತ ಆಳ ಇಲ್ಲದ ಅಗಲ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು. ಜೇನು ಆ ಕಲ್ಲಿನ ಮೇಲೆ ಕೂತು ಕುಡಿಯುತ್ತದೆ, ಇಲ್ಲದಿದ್ದರೆ ಮುಳುಗುತ್ತದೆ. ಬೆಕ್ಕು ಹೊಂಚುವ ಪೊದೆಯಿಂದ ದೂರ ಇಡಿ. ದಿನವೂ ನೀರು ಬದಲಿಸಿ, ಮೂರು ದಿನಕ್ಕೊಮ್ಮೆ ತಟ್ಟೆ ಉಜ್ಜಿ. ನೀರು ವಾರ ನಿಂತರೆ ಅದು ಡೆಂಗಿ ಸೊಳ್ಳೆಯ ತೊಟ್ಟಿಲು. ಒಂದು ಹಸು ಬೇಸಿಗೆಯಲ್ಲಿ ದಿನಕ್ಕೆ 40 ಲೀಟರಿಗೂ ಹೆಚ್ಚು ಕುಡಿಯುತ್ತದೆ, ಅದಕ್ಕೆ ಬಕೆಟ್ ಸಾಲದು. ಪಂಚಾಯಿತಿಯ ಹಳೆಯ ದನದ ತೊಟ್ಟಿ ಇದ್ದರೆ ಕಸ ಎತ್ತಿ, ಸೋರುವಲ್ಲಿ ಸಿಮೆಂಟು ಮೆತ್ತಿ, ನಲ್ಲಿ ಸರಿ ಮಾಡಿಸಿ.

ಮಳೆ ಬಂದ ಮೇಲೆ ಮಡಕೆ ಏನು ಮಾಡುವುದು?

ನಾರಿನಿಂದ ಉಜ್ಜಿ, ಎರಡು ದಿನ ಬಿಸಿಲಿಗೆ ಒಣಗಿಸಿ, ನಲ್ಲಿ ಬಿಚ್ಚಿ ವಾಷರ್ ಸಮೇತ ಒಂದು ಚಿಕ್ಕ ಚೀಲದಲ್ಲಿ ಕಟ್ಟಿ ಒಳಗೆ ಇಡಿ. ಮಡಕೆಯನ್ನು ಹುಲ್ಲಿನ ಸಿಂಬಿಯ ಮೇಲೆ ಬೋರಲು ಹಾಕಿ. ಒದ್ದೆ ಇದ್ದಾಗಲೇ ಎತ್ತಿಟ್ಟರೆ ಒಳಗೆ ಬೂಷ್ಟು ಹಿಡಿದು ಮುಂದಿನ ಯುಗಾದಿಗೆ ಮುಗ್ಗಲು ವಾಸನೆ. ಬಿರುಕು ಬಿಟ್ಟದ್ದರ ತಳದ ಭಾಗ ಒಡೆಯದೆ ಉಳಿದಿದ್ದರೆ ಬಿಸಾಡಬೇಡಿ. ಅಂಚು ಉಜ್ಜಿ ನಯ ಮಾಡಿದರೆ ಹಕ್ಕಿಯ ತಟ್ಟೆಯಾಗುತ್ತದೆ.